ಒಂಬತ್ತನೇ ಪ್ರಶ್ನೆ

ಆ ಮನುಷ್ಯನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವನು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯವನು, ನಾನು ಹುಣಸೂರಿನ ಗಾವಡಗೆರೆ ಕಡೆಯವಳು. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಅವನೂರು ಬಂದುಬಿಡುತ್ತದೆ. ಆದರೂ ಅವನು ನನ್ನ ಹತ್ತಿರ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಶುರುವಿನಲ್ಲಿ ಒಂದು ಸಲ ಬಾಯಿ ತಪ್ಪಿ, "ನಿಮ್ ಕಡೆ ನೀರಿಲ್ವಲ್ಲ ಮೇಡಂ, ಅದಕ್ಕೆ ತಂಬಾಕು ಬೆಳೀತೀರ. ನಮ್ದು ನಾಲೆ ಬಯಲು," ಅಂದಿದ್ದ. ಭತ್ತ ಬೆಳೆಯುವವರ ಜಂಬ ಅದು, ನನಗೆ ಹೊಸದಲ್ಲ. ಆದರೆ ಮೈಯೆಲ್ಲ ಉರಿದುಹೋಯಿತು.

ಅವನು ಒಂದು ಔಷಧ ಕಂಪನಿಯ ವಿಜ್ಞಾನಿ. ಸಿಗರೇಟು ಬಿಡುವವರು ಅಗಿಯುತ್ತಾರಲ್ಲ, ನಿಕೋಟಿನ್ ಗಮ್, ಅಂಥದ್ದನ್ನು ಮಾಡುವ ಕಂಪನಿ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವವಳು. ಕಂಪನಿಯವರೂ ಕಾಲೇಜಿನವರೂ ಒಟ್ಟಿಗೆ ಕೂತು ಸಂಶೋಧನೆ ಹಂಚಿಕೊಳ್ಳಬೇಕು ಅನ್ನುವುದು ಈಗಿನ ಕಾಲದ ಹುಮ್ಮಸ್ಸು. ಹಂಚಿಕೊಳ್ಳುವುದೆಂದರೆ ಏನು ಅಂತ ಮೊದಲ ಸಭೆಯಲ್ಲೇ ಗೊತ್ತಾಯಿತು. ಲಕ್ಷಾಂತರ ಬೆಲೆಯ ಯಂತ್ರ ಅವರದು, ಬಾಟಲಿ ಹಿಡಿದು ಊರೂರು ತಿರುಗುವ ಕಾಲು ನಮ್ಮದು.

ಸಂಶೋಧನೆಯ ವಿಷಯ ಸೂಚಿಸಿದವಳು ನಾನೇ. ಮಳೆ, ಇಬ್ಬನಿಯಲ್ಲಿ ನೆನೆದ ತಂಬಾಕಿನ ಎಲೆ ಮುರಿಯುವ ಹೆಂಗಸರ ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗುತ್ತದೆಯೇ, ಹೋದರೆ ಎಷ್ಟು? ಒಳಗೆ ಹೋದ ನಿಕೋಟಿನ್ನನ್ನು ಪಿತ್ತಜನಕಾಂಗ ಕೋಟಿನಿನ್ ಅನ್ನುವ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ಸಿಗುತ್ತದೆ. ಎಲೆ ಮುರಿಯುವವರ ಮೂತ್ರವನ್ನೂ, ತಂಬಾಕಿನ ಗಾಳಿಯೇ ಸೋಕದ ಭತ್ತದ ಬಯಲಿನ ಹೆಂಗಸರ ಮೂತ್ರವನ್ನೂ ಹೋಲಿಸಿ ನೋಡಿದರೆ ಮುಗಿಯಿತು. ಸಭೆಯಲ್ಲಿ ಇಷ್ಟನ್ನೇ ಹೇಳಿದೆ. ಇದರ ಹಿಂದೆ ನನ್ನ ಅತ್ತಿಗೆ ಇದ್ದಾಳೆ ಅಂತ ಹೇಳಲಿಲ್ಲ.

ಅತ್ತಿಗೆ ಪಿರಿಯಾಪಟ್ಟಣದ ಕಡೆಯಿಂದ ನಮ್ಮ ಮನೆಗೆ ಬಂದವಳು. ಮದುವೆಯಾದ ವರ್ಷವೇ ತಂಬಾಕಿನ ಸೊಪ್ಪು ಮುರಿಯಲು ಇಳಿದಳು. ಬೆಳಿಗ್ಗೆ ಆರಕ್ಕೆ ಹೊಲ, ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ಸಾಲಾಗಿ ನಡೆಯಬೇಕು. ಎಲೆಯ ನೀರು ಇಳಿದು ರವಿಕೆ, ಸೀರೆ ಎಲ್ಲ ತೊಯ್ದು ಮೈಗೆ ಅಂಟಿರುತ್ತಿತ್ತು. ಹತ್ತು ಗಂಟೆಗೆ ತಲೆ ಸುತ್ತು, ವಾಂತಿ, ಸಾಯಂಕಾಲದವರೆಗೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಸೊಪ್ಪಿನ ಕಾಲ ಮುಗಿಯುವಷ್ಟರಲ್ಲಿ ಅವಳ ಬಳೆಗಳು ಮೊಣಕೈವರೆಗೆ ಸರಿದಾಡುತ್ತಿದ್ದವು. ಆಸ್ಪತ್ರೆಯಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸುತ್ತಿದ್ದರು.

ನನ್ನ ಅಣ್ಣ ಕೆಟ್ಟವನಲ್ಲ, ಹಟಮಾರಿ. "ಬೆಳಿಗ್ಗೆ ತಿಂಡಿ ತಿನ್ದೆ ಬತ್ತಾಳೆ, ಪಿತ್ತ ಕಣಮ್ಮಿ," ಅನ್ನುತ್ತಿದ್ದ. ಎಲೆ ಒಣಗುವವರೆಗೆ ಕಾದರೆ ಅವತ್ತಿನ ಬ್ಯಾರನ್ ತುಂಬುವುದಿಲ್ಲ. ಎಲೆ ಬೇಯಿಸುವ ಆ ಮನೆ ತುಂಬದೆ ಒಲೆ ಹಚ್ಚುವ ಹಾಗಿಲ್ಲ. ಒದ್ದೆ ತಂಬಾಕಿನಿಂದ ಹೀಗಾಗುತ್ತದೆ ಅಂತ ಪುಸ್ತಕದಲ್ಲೇ ಇದೆ ಕಣಣ್ಣ ಅಂದರೆ, "ಅದು ಬ್ಯಾರೆ ದೇಸುದ್ ಸೊಪ್ಪು. ನಮ್ದಲ್ಲ ಬುಡು," ಅಂದ. ಹೋದ ವರ್ಷಕ್ಕೆ ಮುಂಚಿನ ವರ್ಷ ಅತ್ತಿಗೆ ಸಾಲಿನ ನಡುವೆ ಕುಸಿದು ಬಿದ್ದಳು. ಮಾರನೇ ಭಾನುವಾರ ನಾನು ಊರಿಗೆ ಹೋದಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು.

"ಅಮ್ಮಿ, ನೀನು ಓದಿರೋಳು. ಇದು ಸೊಪ್ಪಿಂದ್ಲೇ ಬರಾದು ಅಂತ ಒಂದ್ ಪೇಪರ್ ಮಾಡ್ಸ್ಕೊಡು. ಪೇಪರ್ ಇದ್ರೆ ನಿಮ್ಮಣ್ಣ ನಂಬ್ತಾರೆ. ಬಿಸ್ಲು ಬಂದು ಎಲೆ ಒಣುಗ್ದ ಮ್ಯಾಲೆ ಮುರ್ಯಕೆ ಬುಟ್ರೆ ಸಾಕು ನಂಗೆ. ಇನ್ನೇನೂ ಬ್ಯಾಡ."

ಇಷ್ಟೇ ಅವಳ ಬೇಡಿಕೆ. ಎರಡು ಮೂರು ಗಂಟೆ ಕಾಯಬೇಕು ಅಷ್ಟೆ.

ಹೆಂಗಸರಿಗೆ ಕೇಳಬೇಕಾದ ಪ್ರಶ್ನೆಗಳ ಫಾರಂ ಅನ್ನು ಅವನು ಇಂಗ್ಲಿಷಿನಲ್ಲಿ ಬರೆದ. ಕನ್ನಡಕ್ಕೆ ತಂದವಳು ನಾನು. ಒಂಬತ್ತನೇ ಪ್ರಶ್ನೆ: "ತಾವು ತಂಬಾಕು ಸೇವಿಸುವ ಅಭ್ಯಾಸವನ್ನು ಹೊಂದಿರುವಿರಾ?" ಹೌದು ಅಂದವರನ್ನು ಅಲ್ಲಿಗೇ ಕೈಬಿಡಬೇಕು. ಬಾಯಿಂದ ನಿಕೋಟಿನ್ ಹೋಗುತ್ತಿದ್ದರೆ ಚರ್ಮದ ಲೆಕ್ಕ ಹೇಗೆ ಸಿಗುತ್ತದೆ? ಪ್ರಶ್ನೆ ಬರೆದು ನಾನೇ ಎರಡು ಸಲ ಓದಿಕೊಂಡು, ಎಷ್ಟು ಚೊಕ್ಕವಾಗಿದೆ ಅಂತ ಬೀಗಿದೆ. ಅವನೂ ಓದಿದ. ಒಪ್ಪಿಗೆ ಕೊಡುವ ಸಮಿತಿಯವರೂ ಓದಿದರು. ನನ್ನ ವಿದ್ಯಾರ್ಥಿನಿಯರು ಫಾರಂ, ಬಾಟಲಿ ಹೊತ್ತುಕೊಂಡು ನಮ್ಮ ಸುತ್ತಿನ ಊರುಗಳಿಗೂ ಚುಂಚನಕಟ್ಟೆ ಕಡೆಯ ಗದ್ದೆಗಳಿಗೂ ಹೋಗಿ ಬಂದರು. ಒಂಬತ್ತನೇ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದಿದ್ದರು. ನಮ್ಮ ಹೆಂಗಸರು ಎಷ್ಟು ಒಳ್ಳೆಯವರು ಅಂತ ನಾನು ಖುಷಿಪಟ್ಟೆ. ಥೂ, ನನ್ನ ಬುದ್ಧಿಗೆ!

ಫಲಿತಾಂಶ ಹೇಳುವ ಸಭೆ ಹೆಚ್.ಡಿ. ಕೋಟೆಯಲ್ಲಿ, ಕಬಿನಿ ಹಿನ್ನೀರಿನ ರೆಸಾರ್ಟಿನಲ್ಲಿ ನಡೆಯಿತು. ಬೇರೆ ಬೇರೆ ಕಂಪನಿಗಳವರು, ಬೇರೆ ಬೇರೆ ಕಾಲೇಜುಗಳವರು ಇದ್ದರು. ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ. ಊಟಕ್ಕೆ ಮುಂಚೆ ಆನೆ ಕಂಡಿತು ಅಂತ ಅರ್ಧ ಸಭೆ ಎದ್ದು ವರಾಂಡಕ್ಕೆ ಓಡಿತ್ತು. ಅವರು ವಾಪಸು ಬಂದು ಕೂತ ಮೇಲೆ ಅವನು ಪರದೆಯ ಮೇಲೆ ನಮ್ಮ ಗ್ರಾಫ್ ತೋರಿಸಿದ. ನನಗೆ ಮುಂಚೆ ಕಳಿಸಿರಲಿಲ್ಲ. ಎರಡು ಸಲ ಕೇಳಿದ್ದಕ್ಕೆ, ಯಂತ್ರದ ಕೆಲಸ ಇನ್ನೂ ಮುಗಿದಿಲ್ಲ ಅಂದಿದ್ದ.

ಎಲೆ ಮುರಿಯುವವರ ಚುಕ್ಕಿಗಳು, ಗದ್ದೆಯವರ ಚುಕ್ಕಿಗಳು, ಎಲ್ಲ ಒಂದೇ ಎತ್ತರದಲ್ಲಿ ಕಲಸಿಕೊಂಡಿದ್ದವು. ಇಬ್ಬರಲ್ಲೂ ಕೋಟಿನಿನ್ ಇತ್ತು. ವ್ಯತ್ಯಾಸವೇ ಇರಲಿಲ್ಲ. ಅವನು ಕೈಕಟ್ಟಿ ನಿಂತು, ಎಲೆ ಮುಟ್ಟುವುದರಿಂದ ಚರ್ಮದ ಮೂಲಕ ಗಮನಿಸುವಷ್ಟು ನಿಕೋಟಿನ್ ಹೋಗುವುದು ಈ ಪ್ರದೇಶದಲ್ಲಿ ಕಂಡುಬಂದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದ.

"ಗದ್ದೆ ಹೆಂಗಸರ ಮೈಗೆ ನಿಕೋಟಿನ್ ಎಲ್ಲಿಂದ ಬಂತು ಸರ್? ನಾಲೆ ನೀರಿನಿಂದಲಾ?" ಅಂತ ಎದ್ದು ನಿಂತು ಕನ್ನಡದಲ್ಲೇ ಕೇಳಿದೆ.

ಅವನು ನಕ್ಕು, "ಸ್ಯಾಂಪಲ್ ತಂದವರು ನೀವು ಮೇಡಂ. ಬಾಟಲಿ ಅದಲು ಬದಲಾಗಿದ್ದರೆ ನಿಮಗೇ ಗೊತ್ತು," ಅಂದ. ಆ ವಾಕ್ಯಕ್ಕೆ ಮಾತ್ರ ಕನ್ನಡ ಬಂತು ಅವನಿಗೆ.

"ನನ್ನ ಹುಡುಗಿಯರು ಬಾಟಲಿ ಅದಲು ಬದಲು ಮಾಡಲ್ಲ. ನಿಮ್ಮ ಯಂತ್ರ ಸರಿಯಿದೆಯಾ ನೋಡಿಕೊಳ್ಳಿ."

ಅಧ್ಯಕ್ಷತೆ ವಹಿಸಿದ್ದವರು ಟೀ ವಿರಾಮ ಅಂತ ಹೇಳಿ ಇಬ್ಬರ ಬಾಯನ್ನೂ ಮುಚ್ಚಿಸಿದರು. ನಾನು ಟೀ ಕುಡಿಯದೆ ಕಾರು ಹತ್ತಿದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಸರಿಯಾಗುತ್ತಿತ್ತು. ಕಂಪನಿಯವರು ಫಲಿತಾಂಶವನ್ನು ರೈತರಿಗೂ ತಲುಪಿಸಬೇಕು ಅಂತ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಮಾಡಿ ಬೆಳೆಗಾರರ ವಾಟ್ಸಾಪ್ ಗುಂಪುಗಳಿಗೆ ಹಾಕಿಬಿಟ್ಟರು. ಕೆಳಗೆ ಅವನ ಹೆಸರು, ಪಕ್ಕದಲ್ಲಿ ನನ್ನ ಹೆಸರು. ಅಣ್ಣ ಅವತ್ತೇ ಫೋನ್ ಮಾಡಿದ. ಮೈಸೂರಿನವರೆಗೂ ಕೇಳಿಸುವ ಹಾಗೆ ದನಿ ಎತ್ತಿದ್ದ.

"ಬೇಸ್ ಮಾಡ್ದೆ ಕಣಮ್ಮಿ! ಸೊಪ್ಪಿಂದ ಏನೂ ಆಗಲ್ಲ ಅಂತ ನೀನೇ ಬರ್ದಿದ್ದೀಯಲ್ಲ. ನಿಮ್ಮತ್ಗೆಗೆ ಓದಿ ಏಳ್ದೆ. ಇನ್ಮ್ಯಾಕೆ ನಾಟ್ಕ ಆಡಂಗಿಲ್ಲ ಅಂದೆ."

"ಅತ್ಗೆ ಏನಂದ್ಲು?"

"ಏನಂತಾಳೆ? ಒಲುಕ್ಕೆ ಓದ್ಲು."

ಅವಳು ಕೇಳಿದ್ದು ಒಂದು ಪೇಪರ್. ಕೊಡಿಸಿದ್ದೆನಲ್ಲ! ಅವಳ ಬಾಯಿ ಮುಚ್ಚಿಸುವ ಪೇಪರ್, ನನ್ನ ಹೆಸರಿನಲ್ಲೇ. ಆ ಮನುಷ್ಯ ಎದುರಿಗೆ ಸಿಕ್ಕಿದ್ದರೆ ಅವತ್ತು ಏನು ಮಾಡುತ್ತಿದ್ದೆನೋ.

ಮಾರನೇ ದಿನ ರಜೆ ಹಾಕಿ ಚುಂಚನಕಟ್ಟೆಗೆ ಹೋದೆ. ಬಾಟಲಿ ಕೊಟ್ಟಿದ್ದ ಹೆಂಗಸೊಬ್ಬಳ ಗದ್ದೆ ನಾಲೆಯ ಪಕ್ಕದಲ್ಲೇ ಇತ್ತು. ಕಳೆ ಕೀಳುವುದನ್ನು ಬಿಟ್ಟು ಬದುವಿನ ಮೇಲೆ ಬಂದು ಕೂತಳು. ನನ್ನ ಫಾರಂನಲ್ಲಿ ಅವಳ ಉತ್ತರ ಇಲ್ಲ ಅಂತ ಇತ್ತು, ಗ್ರಾಫಿನಲ್ಲಿ ಅವಳ ನಂಬರಿನ ಚುಕ್ಕಿ ಎಲೆ ಮುರಿಯುವವರ ಚುಕ್ಕಿಗಳ ಜೊತೆಗೇ ಇತ್ತು. ಮಾತಾಡುತ್ತ ಮಾತಾಡುತ್ತ ಅವಳು ಸೊಂಟದ ಚೀಲ ಬಿಚ್ಚಿ ವೀಳ್ಯದೆಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಚಿಕ್ಕ ಪೊಟ್ಟಣದಿಂದ ಒಂದು ಚಿಟಿಕೆ ಉದುರಿಸಿಕೊಂಡಳು.

"ಏನ್ ತಾಯಿ ಅದು?"

"ಕಡ್ಡಿಪುಡಿ ಕಣವ್ವ. ನೀನೂ ಆಕ್ತೀಯಾ?"

"ಮತ್ತೆ ತಂಬಾಕು ಸೇವಿಸಲ್ಲ ಅಂತ ಬರೆಸಿದ್ದೀರಲ್ಲ?"

ಅವಳಿಗೆ ರೇಗಿತು. "ತಂಬಾಕು ನಾನ್ಯಾಕ್ ಸೇವಿಸ್ಲಿ? ನಾನೇನ್ ಬೀಡಿ ಸೇದ್ತೀನಾ, ಸಿಗ್ರೇಟ್ ಸೇದ್ತೀನಾ? ಮಾನವಾಗ್ ಬಾಳ್ತಿರೋ ಎಂಗಸ್ರುನ್ನ ಕೇಳೋ ಮಾತಾ ಅದು? ಆ ಉಡ್ಗೀರ್ ಕೇಳ್ದಾಗ್ಲೇ ಬೈಯ್ಬೇಕು ಅಂದ್ಕಂಡೆ."

ನಮ್ಮ ನಾಲ್ಕು ತಾಲ್ಲೂಕಿನಲ್ಲೂ ತಂಬಾಕು ಅಂದರೆ ಹರಾಜಿಗೆ ಹೋಗುವ ಬೆಳೆ. ತಂಬಾಕು ಸೇವನೆ ಅಂದರೆ ಸಿನಿಮಾ ಶುರುವಾಗುವ ಮುಂಚೆ ಹೆದರಿಸುತ್ತಾರಲ್ಲ, ಗಂಡಸರ ಆ ಚಟ. ಎಲೆ ಅಡಿಕೆಯ ಜೊತೆ ಹೆಂಗಸರ ಬಾಯಿಗೆ ಹೋಗುವುದು ಕಡ್ಡಿಪುಡಿ, ಇಲ್ಲವೇ ಹೊಗೆಸೊಪ್ಪು. ವಸ್ತು ಒಂದೇ ಅಂತ ಗೊತ್ತಿರಬೇಕಾದವಳು ನಾನು. ನನ್ನ ಅಜ್ಜಿ ಹಾಕುತ್ತಿದ್ದಳು, ನನ್ನ ತಾಯಿ ಹಾಕುತ್ತಾಳೆ. ಚಿಕ್ಕವಳಿದ್ದಾಗ ಅಂಗಡಿಗೆ ಓಡಿ ತಂದುಕೊಡುತ್ತಿದ್ದವಳು ನಾನೇ. ಆ ಪದ ಫಾರಂನಲ್ಲಿ ಬರೆಯಲು ನನಗೆ ಹೊಳೆಯಲೇ ಇಲ್ಲ ಅಂತ ಹೇಳಿದರೆ ಅರ್ಧ ಸುಳ್ಳು. ಹೊಳೆದಿದ್ದರೂ ಬರೆಯುತ್ತಿರಲಿಲ್ಲ. ಸಮಿತಿಯವರ ಮುಂದೆ ಹಳ್ಳಿ ಪದ ಇಡಲು ನನಗೆ ನಾಚಿಕೆ.

ತಪ್ಪೊಪ್ಪಿಕೊಳ್ಳಲು ನಾನೇ ಸಭೆ ಕರೆಸಿದೆ. ಹುಣಸೂರು ಬೈಪಾಸಿನ ಹೋಟೆಲೊಂದರ ಮಹಡಿ, ಕಂಪನಿಯ ಕಡೆಯಿಂದ ಅವನು, ಪುಣೆಯಿಂದ ಬಂದಿದ್ದ ಅವನ ಮೇಲಧಿಕಾರಿ, ನಮ್ಮ ಕಡೆಯಿಂದ ನಾನೊಬ್ಬಳೇ. ಎಲ್ಲ ಹೇಳಿದೆ. ಆ ಒಂದು ಪುಟದ ಸಾರಾಂಶ ವಾಪಸು ತೆಗೆದುಕೊಳ್ಳಿ, ಕಡ್ಡಿಪುಡಿ ಹಾಕದವರನ್ನು ಹುಡುಕಿ ಈ ಸೊಪ್ಪಿನ ಕಾಲದಲ್ಲೇ ಮತ್ತೆ ಅಳೆಯೋಣ ಅಂದೆ.

ಅವನಿಗೆ ಹಬ್ಬ. ಕುರ್ಚಿಗೆ ಒರಗಿ, "ನಿಮ್ಮ ಜನರ ಭಾಷೆ ನಿಮಗೇ ಗೊತ್ತಿಲ್ವಲ್ಲ ಮೇಡಂ," ಅಂದ, ಅದೂ ಕನ್ನಡದಲ್ಲಿ.

"ನೀವೂ ಫಾರಂ ಓದಿ ಸಹಿ ಹಾಕಿದ್ದೀರಿ."

"ಟ್ರಾನ್ಸ್‌ಲೇಷನ್ ನಿಮ್ಮ ಜವಾಬ್ದಾರಿ."

"ನಿಮ್ಮಮ್ಮ ಎಲೆ ಅಡಿಕೆ ಜೊತೆ ಏನು ಹಾಕ್ಕೋತಾರೆ ಸರ್?"

"ನಮ್ಮಮ್ಮನ ಸುದ್ದಿ ಇಲ್ಲಿ ಯಾಕೆ ತರ್ತೀರಿ?" ಅವನ ಮುಖ ಕೆಂಪಾಯಿತು.

"ಹೊಸ ಅಗ್ರಹಾರದಲ್ಲಿ ಅದಕ್ಕೆ ತಂಬಾಕು ಅಂತಾರಾ? ಹೇಳಿ. ತಂಬಾಕು ಸೇವಿಸ್ತೀಯಾ ತಾಯಿ ಅಂತ ಅವರನ್ನ ಕೇಳಿದ್ರೆ ಏನಂತಾರೆ ಹೇಳಿ."

ಅವನು ಎದುರಿಗಿದ್ದ ಫಾರಂ ಮಗುಚಿ ಇಟ್ಟ. ಆಮೇಲೆ, "ಕಪಾಳಕ್ಕೆ ಬಿಡ್ತಾಳೆ," ಅಂದ. ನಾವಿಬ್ಬರೂ ಯಾಕೆ ಕಚ್ಚಾಡುತ್ತಿದ್ದೇವೆ ಅಂತ ಪುಣೆಯವನು ಇಂಗ್ಲಿಷಿನಲ್ಲಿ ಕೇಳಿದ. ಅನುವಾದದ ಸಣ್ಣ ವಿಷಯ ಅಂತ ಇವನು ಉತ್ತರ ಕೊಟ್ಟ. ಕೊನೆಗೆ ತೀರ್ಮಾನವಾದದ್ದು ಇಷ್ಟು: ಫಲಿತಾಂಶವನ್ನು ಎಲ್ಲೂ ಪ್ರಕಟಿಸುವುದಿಲ್ಲ, ಕಾರಣ ಕಾಲೇಜಿನವರ ಲೋಪ ಅಂತ ದಾಖಲಿಸುವುದು, ಜಂಟಿ ಕೆಲಸ ಇಲ್ಲಿಗೆ ಮುಗಿಯಿತು. ಸಾರಾಂಶದ ಬಗ್ಗೆ ಕೇಳಿದ್ದಕ್ಕೆ, ಫೋನಿಗೆ ಹೋದದ್ದನ್ನು ಹೇಗೆ ವಾಪಸು ತೆಗೆಯುವುದು ಅಂದರು. ತಪ್ಪಾಗಿದೆ ಅಂತ ಇನ್ನೊಂದು ಪುಟ ಹಾಕಬಹುದಲ್ಲ ಅಂದೆ. ಯೋಚನೆ ಮಾಡುತ್ತೇವೆ ಅಂದರು. ಇವತ್ತಿಗೂ ಯೋಚನೆಯಲ್ಲೇ ಇದ್ದಾರೆ.

ಅಲ್ಲಿಂದ ಸೀದಾ ಊರಿಗೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತಿದ್ದ. ಅತ್ತಿಗೆ ಬ್ಯಾರನ್ನಿಗೆ ಏರಿಸಲು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಆ ಪೇಪರ್ ತಪ್ಪು, ತಪ್ಪು ನನ್ನದೇ, ಕಡ್ಡಿಪುಡಿ ವಿಷಯ ನಾನು ಕೇಳಲಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಅಣ್ಣ ಗೊಳ್ಳೆಂದು ನಕ್ಕ.

"ಅವತ್ತು ಏನೂ ಇಲ್ಲ ಅಂದೆ, ಇವತ್ತು ಅದೆ ಅಂತೀಯ. ನಾಳೀಕೆ ಏನಂತೀಯ? ಓಗಮ್ಮಿ, ನಿನ್ ಇಜ್ಞಾನ ನೀನೇ ಮಡಿಕ್ಕೊ."

ನಾನು ಅತ್ತಿಗೆಯ ಪಕ್ಕ ಕೂತೆ. "ಅತ್ಗೆ, ನೀನೂ ಆಕ್ತೀಯಾ ಕಡ್ಡಿಪುಡಿ?"

"ಊಂ. ಸೊಪ್ಪಿಗ್ ಓಗೋ ಮುಂಚೆ. ಬಾಯಲ್ಲಿ ಇದ್ರೆ ವಾಕರ್ಕೆ ಒಸಿ ತಡೀತದೆ ಅಂತ ನಿಮ್ಮವ್ವನೇ ಕಲ್ಸಿದ್ದು."

ಒಂದು ವಸ್ತುವಿಗೆ ಮೈ ಸ್ವಲ್ಪ ಸ್ವಲ್ಪವಾಗಿ ಒಗ್ಗಿದರೆ ಅದರ ವಿಷ ಅಷ್ಟಾಗಿ ಹತ್ತುವುದಿಲ್ಲ ಅಂತ ನಾನು ವರ್ಷಕ್ಕೆ ಎರಡು ತರಗತಿ ಪಾಠ ಮಾಡುತ್ತೇನೆ. ನನ್ನ ತಾಯಿ ಅದನ್ನು ಸೊಸೆಗೆ ಒಂದು ಚಿಟಿಕೆಯಲ್ಲಿ ಕಲಿಸಿದ್ದಳು. ಆ ಮನೆಯ ಮಗಳಾಗಿದ್ದೂ ನನಗೆ ಗೊತ್ತಿರಲಿಲ್ಲ.

"ನಂಗೆ ಯಾಕ್ ಏಳ್ನಿಲ್ಲ ನೀನು?"

ಅವಳು ದಾರ ಜಗ್ಗಿ ಗಂಟು ಹಾಕಿದಳು. "ನೀನು ಕೇಳ್ನಿಲ್ವಲ್ಲ ಅಮ್ಮಿ. ಯಾವ್ದೋ ಉಡ್ಗೀನ ಕಳ್ಸ್ದೆ, ಬಾಟ್ಲಿ ಕೊಟ್ ಕಳ್ಸ್ದೆ. ಸೊಪ್ಪಿಂದ ಇಂಗಾಯ್ತದೆ ಅಂತ ನಾನು ಬಾಯ್ಬುಟ್ ಏಳಿದ್ದೆ. ನನ್ ಮಾತ್ ನಂಬ್ನಿಲ್ಲ ನೀನು, ನನ್ ಉಚ್ಚೆ ನಂಬ್ದೆ."

ಉತ್ತರ ಸಿಗದಿದ್ದಾಗ ನನಗೆ ಬರುವುದು ಸಿಟ್ಟೇ. ಎದ್ದು ಅಣ್ಣನ ಮುಂದೆ ನಿಂತು, "ಪೇಪರ್ ಬ್ಯಾಡ, ಇಜ್ಞಾನ ಬ್ಯಾಡ. ನಾಳೆ ಬೆಳಿಗ್ಗೆ ಅತ್ಗೆ ಸಾಲು ನಾನ್ ಮುರೀತೀನಿ. ನೀನು ಬದೀನ್ ಮ್ಯಾಲೆ ನಿಂತ್ಕೊಂಡು ನೋಡು," ಅಂದೆ. ಅಣ್ಣ ತಮಾಷೆ ಅಂದುಕೊಂಡ.

ಬೆಳಿಗ್ಗೆ ಸೋನೆ ಹಿಡಿದು ಆಗತಾನೇ ಬಿಟ್ಟಿತ್ತು. ಅತ್ತಿಗೆಯ ಹಳೇ ಸೀರೆ ಉಟ್ಟು ಇಳಿದೆ. ಅತ್ತಿಗೆ ಪಕ್ಕದ ಸಾಲಿನಲ್ಲಿ, ಕೂಲಿಗೆ ಬಂದ ಹೆಂಗಸರು ಅದರಾಚೆ. ಒಂದು ಗಂಟೆಯಲ್ಲಿ ಕೈಗೆ ಕಪ್ಪು ಅಂಟು ಮೆತ್ತಿಕೊಂಡಿತು, ರವಿಕೆ ನೆನೆದು ತೊಪ್ಪೆಯಾಯಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ಬಾಯಿ ತುಂಬ ಜೊಲ್ಲು. ಆಮೇಲೆ ತಣ್ಣನೆ ಬೆವರು, ಕೈ ನಡುಕ. ಪುಸ್ತಕದಲ್ಲಿ ಬರೆದ ಕ್ರಮದಲ್ಲೇ ಒಂದೊಂದಾಗಿ ಬರುತ್ತಿದ್ದವು, ಮುಂದಿನದು ಏನು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದು ಏನೂ ಪ್ರಯೋಜನವಾಗಲಿಲ್ಲ. ಭೂಮಿ ಓರೆಯಾಯಿತು, ಮೊಣಕಾಲೂರಿ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ.

ಅಣ್ಣ ಬದುವಿನಿಂದ ಓಡಿಬಂದ. ಎಲೆಗಳನ್ನು ತುಳಿದುಕೊಂಡೇ ಬಂದ. "ಅಯ್ಯೋ, ಏನಾಯ್ತಮ್ಮಿ! ಯಾರಾದ್ರೂ ಆಟೋ ಕರೀರೋ, ನೀರ್ ತನ್ರೋ!" ಅಂತ ಕೂಗಿದ. ನನ್ನನ್ನು ಎತ್ತಿಕೊಂಡು ಹೊಲದಂಚಿನಲ್ಲೇ ಇದ್ದ ಮನೆಯ ಜಗಲಿಗೆ ತಂದು ಮಲಗಿಸಿದ. ಆಸ್ಪತ್ರೆ ಬೇಡ, ಮೈ ತೊಳೆದರೆ ಸಾಕು ಅಂತ ನಾನು ಹೇಳಿದ ಮೇಲೆ ಹೊಲದ ಕಡೆ ತಿರುಗಿ, "ಎಲ್ರೂ ಮ್ಯಾಕ್ ಬನ್ನಿ! ನಾಳೆಯಿಂದ ಸೊಪ್ಪು ಒಣಗೋಗಂಟ ಯಾರೂ ಒಲುಕ್ಕೆ ಇಳಿಯಂಗಿಲ್ಲ. ಬ್ಯಾರನ್ ಎರಡ್ ದಿನ ತಡ ಆದ್ರೂ ಆಗ್ಲಿ," ಅಂದ.

ಅತ್ತಿಗೆ ನನ್ನನ್ನು ಬಚ್ಚಲಿಗೆ ನಡೆಸಿಕೊಂಡು ಹೋದಳು. ಸೋಪು ಹಚ್ಚಿ ಕೈ, ಕಂಕುಳು, ಕುತ್ತಿಗೆ ಎಲ್ಲ ಗಸಗಸ ತಿಕ್ಕಿದಳು. ತಲೆ ಸುತ್ತುತ್ತಿದ್ದರೂ ನನಗೆ ಒಳಗೊಳಗೇ ಸಂತೋಷ. ಅಣ್ಣ ಒಪ್ಪಿದ್ದನಲ್ಲ, ಅವಳು ಕೇಳಿದ್ದು ಸಿಕ್ಕಿತಲ್ಲ.

"ಗೆದ್ದೋ ಅಲ್ವಾ ಅತ್ಗೆ?" ಅಂದೆ.

ಅವಳು ಚೊಂಬಿನಲ್ಲಿ ನೀರು ಮೊಗೆದು ನನ್ನ ಭುಜದ ಮೇಲೆ ಸುರಿದಳು.

"ನೀನ್ ಗೆದ್ದೆ ಕಣಮ್ಮಿ. ಅನ್ನೊಂದ್ ವರ್ಸದಿಂದ ಅದೇ ಸಾಲಲ್ಲಿ ನಾನ್ ಕಕ್ತಾವ್ನಿ. ನಿಂಗೆ ಒಂದೇ ಸಲುಕ್ಕೆ ಓಡ್ಬಂದ್ರು. ನಾನ್ ಏಳಿದ್ನ ಇವತ್ತೂ ಯಾರೂ ನಂಬ್ನಿಲ್ಲ."

ಚೊಂಬನ್ನು ಹಂಡೆಯ ಮೇಲಿಟ್ಟು, ಒಣಬಟ್ಟೆ ನನ್ನ ಕೈಗೆ ಕೊಟ್ಟು ಅವಳು ಆಚೆ ಹೋದಳು.